ಕೆಂಪು ಕಾರಿನ ನೂರ ಮೂವತ್ತಮೂರನೇ ಸುತ್ತು

ರೇಸ್ ಮೈದಾನದ ಎದುರಿನ ವಸತಿಗೃಹ,
ಸೋಮವಾರ, ಜೂನ್ ೧೪, ಬೆಳಗ್ಗೆ

ಪ್ರೀತಿಯ ಅಪ್ಪಾ,

ಮೊದಲು ಸೊಂಟ ಹೇಗಿದೆ ಹೇಳು. ವಾಕರ್ ಹಿಡಿದು ಬಾಗಿಲವರೆಗೆ ನಡೆಯುತ್ತಿದ್ದೀಯ ಎಂದು ನರ್ಸಮ್ಮ ಫೋನಿನಲ್ಲಿ ಹೇಳಿದರು. ಬಾಗಿಲವರೆಗೆ ಎಂದರೆ ಬಾಗಿಲವರೆಗೆ ಮಾತ್ರ. ಶುಕ್ರವಾರ ನೀನು ಯಾರಿಗೂ ಹೇಳದೆ ಲಿಫ್ಟಿನ ತನಕ ಹೋಗಿ, ಅದರ ಮೋಟಾರಿನ ಸದ್ದು ಸರಿಯಿಲ್ಲವೆಂದು ಕೆಳಗಿನವರನ್ನು ಮೇಲೆ ಕರೆಸಿದ ಕಥೆಯೂ ನನ್ನ ಕಿವಿಗೆ ಬಿದ್ದಿದೆ. ಮೋಟಾರು ನಿಜವಾಗಿಯೂ ಕೆಟ್ಟಿತ್ತಂತೆ, ಅದು ಬೇರೆ ಮಾತು. ಮಾತ್ರೆಗಳನ್ನು ದಿಂಬಿನಡಿ ಕೂಡಿಡಬೇಡ. ರಾತ್ರಿ ಕಾಲು ಸೆಳೆಯುವುದು ನಿಂತಿದೆಯೇ?

ನಿನ್ನೆ ಫೋನಿನಲ್ಲಿ ‘ಎರಡನೇ ಸ್ಥಾನ ಬಂತಪ್ಪಾ, ಎಲ್ಲರೂ ಚೆನ್ನಾಗಿದ್ದಾರೆ’ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಉಳಿದದ್ದನ್ನು ಬಾಯಲ್ಲಿ ಹೇಳಲು ಹೊರಟರೆ ನೀನು ಅರ್ಧಕ್ಕೇ ಫೋನ್ ಕುಕ್ಕುತ್ತೀಯ ಎಂದು ಗೊತ್ತಿತ್ತು. ಕಾಗದವನ್ನಾದರೆ ಕುಕ್ಕಿದರೂ ಮತ್ತೆ ಎತ್ತಿಕೊಂಡು ಓದಬಹುದು. ಆದ್ದರಿಂದ ಬರೆಯುತ್ತಿದ್ದೇನೆ.

ಹಸಿರು ಕಾರು ನಿನ್ನ ಮಾನ ಕಾಯಿತು. ಬೆಳಗ್ಗೆ ಏಳಕ್ಕೆ ಬಾವುಟ ಬಿತ್ತು. ಮೂವತ್ತೊಂದು ಕಾರುಗಳಲ್ಲಿ ಹನ್ನೆರಡು ಮೊದಲ ಮೂರು ಗಂಟೆಯೊಳಗೇ ಮೂಲೆ ಹಿಡಿದವು. ಒಂದರ ರೇಡಿಯೇಟರ್ ಬಾಯಿಬಿಟ್ಟಿತು, ಇನ್ನೊಂದರ ಚಕ್ರ ಮಾಲೀಕನಿಗಿಂತ ಮುಂಚೆ ರಿಪೇರಿಗೆ ನಿಲ್ಲುವ ಪಿಟ್ಟಿಗೆ ಬಂತು. ನಮ್ಮದು ಕೆಮ್ಮಲೂ ಇಲ್ಲ. ಎರಡನೇ ಗೇರು ಸ್ವಲ್ಪ ಹಠ ಮಾಡಿತಂತೆ. ‘ಮಾವನ ಥರಾನೇ, ಎರಡು ಸಲ ಕೇಳಿದ್ರೆ ಕೊಡುತ್ತೆ’ ಎಂದರು ನಿನ್ನ ಅಳಿಯ. ಮೊದಲ ಸರದಿ ಅವರದ್ದು, ಎರಡನೆಯದು ನಮ್ಮ ತಂಡದ ದಂತವೈದ್ಯರದ್ದು, ಹೀಗೆ ಇಬ್ಬರೇ ಬದಲಾಯಿಸಿಕೊಂಡು ಒಂಬತ್ತು ಗಂಟೆ ಓಡಿಸಿದರು. ನೀವೆಲ್ಲ ಪೆನ್ಸಿಲ್ ಎಂದು ಕರೆಯುವ ನಾನು ಎಂದಿನಂತೆ ಪಿಟ್ಟಿನ ಗೋಡೆಯ ಮೇಲೆ ಛತ್ರಿ ಕಟ್ಟಿಕೊಂಡು, ನಿನ್ನ ಸ್ಟಾಪ್‌ವಾಚು ಕೊರಳಿಗೆ ಹಾಕಿಕೊಂಡು, ಹಾದುಹೋಗುವ ಪ್ರತಿಯೊಂದು ಕಾರಿನ ನಂಬರು ಬರೆಯುತ್ತ ಕುಳಿತಿದ್ದೆ. ಹಳೆಯ ಕಾರುಗಳ ರೇಸಾದ್ದರಿಂದ ಸುತ್ತುಗಳ ಎಣಿಕೆಯೂ ಹಳೆಯ ಪದ್ಧತಿಯದ್ದೇ. ಗೋಪುರದಲ್ಲಿ ಕೂತ ಅಧಿಕಾರಿಗಳ ಕೈಯಲ್ಲೂ ಕಾಗದ, ಪೆನ್ಸಿಲ್ಲೇ.

ಹನ್ನೆರಡರ ಹೊತ್ತಿಗೆ ಉಳಿದವರೆಲ್ಲ ಹಿಂದೆ ಬಿದ್ದು, ನಮ್ಮ ಹಸಿರು ಮತ್ತು ಅವರ ಕೆಂಪು ಎರಡೇ ಒಂದರ ಬಾಲ ಒಂದು ಹಿಡಿದು ಸುತ್ತುತ್ತಿದ್ದವು. ಅವರು ಎಂದರೆ ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಇಪ್ಪತ್ತೆಂಟು ವರ್ಷದಿಂದ ಆ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿಲ್ಲ. ನಾನೂ ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ಕನ್ನಡಕದ ಮಾವ ಎಂದೇ ಬರೆಯುತ್ತೇನೆ. ಮಾವನಿಗೆ ಈಗ ಎಪ್ಪತ್ತೆರಡು. ಕೆಂಪು ಕಾರನ್ನು ಅವರ ಮಗಳು ಓಡಿಸುತ್ತಾಳೆ. ಎಣಿಕೆಯ ಹಾಳೆ ಹಿಡಿದು ನಮ್ಮಿಂದ ನಾಲ್ಕು ಪಿಟ್ ಆಚೆ ಮಾವನೇ ಕುಳಿತಿದ್ದರು. ಛತ್ರಿ ಇರಲಿಲ್ಲ.

ಒಂದೂವರೆಗೆ ಮಳೆ ಹೊಡೆಯಿತು. ಅದೇ ಹೊತ್ತಿಗೆ ಕೆಟ್ಟು ನಿಂತ ಕಾರೊಂದನ್ನು ಎಳೆದುಕೊಂಡು ಲಾರಿ ಪಿಟ್ಟಿನ ದಾರಿಯಲ್ಲಿ ಬಂತು. ಲಾರಿಯ ಈ ಪಕ್ಕದಲ್ಲಿ, ನನ್ನಿಂದ ನಾಲ್ಕೇ ಅಡಿ ದೂರದಲ್ಲಿ, ಟೈರು ಬದಲಿಸಲು ಕೆಂಪು ಕಾರು ಒಳಗೆ ಬಂತು. ಎಣಿಕೆಯ ಗೆರೆ ಪಿಟ್ಟಿನ ದಾರಿಯ ಮೇಲೂ ಹಾದುಹೋಗಿದೆಯಲ್ಲ, ಅದನ್ನು ದಾಟಿಯೇ ಮುಂದೆ ಹೋಗಿ ನಿಂತಿತು. ಅದು ಅವರ ನೂರ ಮೂವತ್ತಮೂರನೇ ಸುತ್ತು. ನಾನು ಬರೆದುಕೊಂಡೆ. ಗೋಪುರದವರಿಗೆ ಲಾರಿ ಅಡ್ಡವಾಗಿತ್ತು.

ಎರಡು ಗಂಟೆಗೆ ದೊಡ್ಡ ಬೋರ್ಡಿನ ಮೇಲೆ ಅಂಕಿ ಬದಲಾದಾಗ ಕೆಂಪು ಕಾರು ನಮಗಿಂತ ಒಂದು ಪೂರ್ತಿ ಸುತ್ತು ಹಿಂದೆ ಎಂದು ಬಂತು. ನಮ್ಮವರೆಲ್ಲ ಕುಣಿದರು. ನಾನು ಹಾಳೆಯನ್ನು ಮೇಲಿನಿಂದ ಕೆಳಗೆ ಮೂರು ಸಲ ಎಣಿಸಿದೆ. ಸುತ್ತು ಇತ್ತು. ಎದ್ದು ಗೋಪುರಕ್ಕೆ ಹೋಗಲು ಎಪ್ಪತ್ತು ಹೆಜ್ಜೆ, ಅಪ್ಪಾ. ನಾನು ಏಳಲಿಲ್ಲ. ಎಣಿಸುವುದು ಅವರ ಕೆಲಸ, ತಪ್ಪಾಗಿದ್ದರೆ ಕೆಂಪಿನವರೇ ಕೇಳಿಕೊಳ್ಳಲಿ, ನನಗೇಕೆ ಊರ ಉಸಾಬರಿ ಎಂದುಕೊಂಡೆ. ನೀನು ಹಾಸಿಗೆಯ ಮೇಲೆ ಕೂತು ಸುದ್ದಿಗೆ ಕಾಯುತ್ತಿರುವುದು ಕಣ್ಣ ಮುಂದೆ ಬಂತು. ಹನ್ನೊಂದು ವರ್ಷ ಆ ಕಾರಿನ ಕೆಳಗೇ ಮಲಗಿ ಅದನ್ನು ಮತ್ತೆ ಎಬ್ಬಿಸಿದವನು ನೀನು. ಹೀಗೆ ಒಂದೊಂದೇ ಸಬೂಬು ಹೇಳಿಕೊಳ್ಳುತ್ತ ಎರಡು ಗಂಟೆ ಬಾಯಿಗೆ ಬೀಗ ಹಾಕಿಕೊಂಡು ಕುಳಿತೆ.

ಆ ಎರಡು ಗಂಟೆಯಲ್ಲಿ ಏನಾಯಿತೆಂದು ಕೇಳು. ಇಲ್ಲದ ಒಂದು ಸುತ್ತನ್ನು ತೀರಿಸಲು ಆ ಹುಡುಗಿ ಒದ್ದೆ ರಸ್ತೆಯಲ್ಲಿ ಜೀವದ ಹಂಗು ತೊರೆದು ಓಡಿಸಿದಳು. ಮೂರು ಗಂಟೆಗೆ ಕೆಳಗಿನ ತಿರುವಿನಲ್ಲಿ ಕಾರು ಬುಗುರಿಯಂತೆ ಎರಡು ಸುತ್ತು ತಿರುಗಿ, ಗೋಡೆಗೆ ಗೇಣು ದೂರದಲ್ಲಿ ನಿಂತಿತು. ನನ್ನ ಕೈಯಿಂದ ಪೆನ್ಸಿಲ್ ಬಿತ್ತು. ಆಗಲೂ ಏಳಲಿಲ್ಲ ಎಂಬುದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಅವಳು ಕಾರನ್ನು ನೇರ ಮಾಡಿಕೊಂಡು ಮತ್ತೆ ಹೊರಟಳು.

ನಾಲ್ಕಕ್ಕೆ ಬಾವುಟ ಬಿದ್ದಾಗ ರಸ್ತೆಯ ಮೇಲೆ ಕೆಂಪು ಕಾರು ನಮಗಿಂತ ಮೂವತ್ತೆಂಟು ಸೆಕೆಂಡು ಮುಂದಿತ್ತು. ಬೋರ್ಡಿನ ಮೇಲೆ ನಾವು ಒಂದು ಸುತ್ತು ಮುಂದಿದ್ದೆವು. ನಮ್ಮವರು ನಿನ್ನ ಅಳಿಯನನ್ನು ಹೆಗಲ ಮೇಲೆ ಹೊತ್ತರು. ನಾನು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು ನೀರು ತರಲು ಹೊರಟೆ. ಅಧಿಕಾರಿಗಳ ಡೇರೆಯ ಮುಂದೆಯೇ ದಾರಿ.

ಕನ್ನಡಕದ ಮಾವ ಮೇಜಿನ ಮುಂದೆ ನಿಂತಿದ್ದರು. ಮಳೆಯಲ್ಲಿ ನೆನೆದ ಅವರ ಹಾಳೆ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತ, ‘ಒಂದು ಸುತ್ತು ಬಿಟ್ಟೋಗಿದೆ ಸ್ವಾಮಿ, ಮಳೆ ಬಂತಲ್ಲ, ಆವಾಗ’ ಎಂದು ಮೆಲ್ಲಗೆ ಹೇಳುತ್ತಿದ್ದರು. ಮೇಜಿನ ಹಿಂದಿನವನು ಒರಟನೇನಲ್ಲ. ‘ತಾತಾ, ಈ ಹಾಳೆ ಓದೋಕೇ ಆಗ್ತಿಲ್ಲ. ನಿಮಗೂ ಕಣ್ಣು ಅಷ್ಟಕ್ಕಷ್ಟೇ. ಹೋಗಿ ಸುಧಾರಿಸ್ಕೊಳಿ’ ಎಂದ. ಮಾವ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಎಣಿಕೆಯ ಮೇಲೆ ತಮಗೇ ಅನುಮಾನ ಬಂದವರ ಹಾಗೆ ನೋಡಿಕೊಂಡರು. ಐದು ವರ್ಷದವಳಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ನನಗೆ ಎಣಿಸಲು ಕಲಿಸಿದವರು ಅವರು. ನೀನು ಯಾವಾಗಲೂ ಕಾರಿನ ಕೆಳಗಿರುತ್ತಿದ್ದೆ.

ನಾನು ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲೆ ಇಟ್ಟೆ. ‘ಇವರು ಹೇಳ್ತಿರೋದು ಸರಿ. ನಾನು ಹಸಿರು ಕಾರಿನ ಕಡೆಯವಳು. ಲಾರಿ ಅಡ್ಡ ಇತ್ತು, ನಿಮಗೆ ಕಾಣಲಿಲ್ಲ’ ಎಂದೆ. ಅವರು ನಾಲ್ಕು ಜನ ಸೇರಿ ಅರ್ಧ ಗಂಟೆ ನೋಡಿದರು, ಲಾರಿಯವನನ್ನೂ ಕರೆಸಿ ಕೇಳಿದರು. ಆಮೇಲೆ ಬೋರ್ಡು ಬದಲಾಯಿತು.

ಈಗ ಬೈಯಬೇಕೆಂದಿದ್ದರೆ ಬೈಯಪ್ಪ. ಆದರೆ ನಿನ್ನ ಅಳಿಯ ನಿನಗಿಂತ ಮೊದಲೇ ಬೈದಾಗಿದೆ, ಅದೂ ನಾನು ಊಹಿಸಿರದ ಕಾರಣಕ್ಕೆ. ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಎಲ್ಲವನ್ನೂ ಕೇಳಿದರು. ‘ಎರಡು ಗಂಟೆಗೇ ಗೊತ್ತಿತ್ತಾ ನಿಂಗೆ?’ ಎಂದರು. ಹೌದೆಂದೆ. ‘ಆಗ್ಲೇ ಹೇಳಿದ್ರೆ ನಾನು ಓಡಿಸ್ತಿದ್ನಲ್ಲೇ! ಒಂದು ಸುತ್ತು ಮುಂದಿದೀನಿ ಅಂತ ಎರಡು ಗಂಟೆ ಮೆರವಣಿಗೆ ಮಾಡ್ದೆ’ ಎಂದರು. ನಾನು ಕೆಂಪಿನವರಿಗೆ ಮಾತ್ರ ಅನ್ಯಾಯ ಮಾಡುತ್ತಿದ್ದೇನೆಂದುಕೊಂಡಿದ್ದೆ. ನಮ್ಮವರ ಕೈಯನ್ನೂ ಕಟ್ಟಿಹಾಕಿದ್ದೆ. ಎಂಜಿನ್ನಿನಲ್ಲಿ ದಮ್ಮಿತ್ತು, ರಸ್ತೆ ಒಣಗುತ್ತಿತ್ತು. ಆ ಮೂವತ್ತೆಂಟು ಸೆಕೆಂಡು ಅವರಿಗೆ ದೊಡ್ಡದೇನಾಗಿರಲಿಲ್ಲ. ನಿನ್ನ ಗೆಲುವನ್ನು ಕಳೆದದ್ದು ನಾನು ಬಾಯಿ ಬಿಟ್ಟದ್ದರಿಂದಲ್ಲ, ತಡವಾಗಿ ಬಿಟ್ಟದ್ದರಿಂದ. ಇದಕ್ಕೆ ಕ್ಷಮೆ ಕೇಳುತ್ತೇನೆ. ಹೇಳಿದ್ದಕ್ಕೆ ಕೇಳುವುದಿಲ್ಲ.

ನಮ್ಮ ತಂಡದ ಬೆಸುಗೆಯವನು ಇನ್ನೂ ನನ್ನೊಂದಿಗೆ ಮಾತಾಡಿಲ್ಲ. ದಂತವೈದ್ಯರು ಮಾತ್ರ ಏನೂ ಆಗಿಲ್ಲವೆಂಬಂತೆ ಬಿಸ್ಕತ್ತಿನ ಪೊಟ್ಟಣ ಮುಂದೆ ಹಿಡಿದರು. ಕೆಂಪು ಕಾರಿನ ಹುಡುಗಿ ಬಂದು ಕೈ ಕುಲುಕಿದಳು. ಆ ತಿರುವಿನಲ್ಲಿ ಅವಳ ಕಾರು ತಿರುಗಿದಾಗಲೂ ನಾನು ಏಳದೆ ಕೂತಿದ್ದನ್ನು ಅವಳಿಗೂ ಹೇಳಿದೆ. ‘ನಾನಾಗಿದ್ರೂ ಕೂತೇ ಇರ್ತಿದ್ನೇನೋ’ ಎಂದಳು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಸಾಮಾನು ಕಟ್ಟುವಾಗ ಕನ್ನಡಕದ ಮಾವ ನಮ್ಮ ಶೆಡ್ಡಿಗೆ ಬಂದರು. ನನ್ನ ಹತ್ತಿರ ಅಲ್ಲ, ಕಾರಿನ ಹತ್ತಿರ. ಬಾನೆಟ್ಟಿನ ಮೇಲೆ ಕೈಯಿಟ್ಟರು. ‘ಸೊಂಟ ಮುರ್ಕೊಂಡ್ನಂತೆ?’ ಎಂದರು. ಕಪಾಟಿನ ಮೇಲಿನ ಸ್ಪ್ಯಾನರಿಗೆಂದು ನೀನು ಸ್ಟೂಲು ಹತ್ತಿ ಬಿದ್ದದ್ದನ್ನು ಹೇಳಿದೆ. ‘ಏಣಿ ತಗೋಳೋ ಅಂತ ಬಡ್ಕೊಂಡಿದ್ದೆ, ಮೂವತ್ತು ವರ್ಷ ಆಯ್ತು’ ಎಂದರು. ಆಮೇಲೆ ತಾವಾಗಿಯೇ ನೀವಿಬ್ಬರೂ ಮುನಿಸಿಕೊಂಡ ಆ ರೇಸಿನ ದಿನದ ಮಾತು ತೆಗೆದರು. ಈ ಕಾರು ಇನ್ನೂ ನಿಮ್ಮಿಬ್ಬರದ್ದಾಗಿತ್ತು, ನೀವು ಮುಂದಿದ್ದಿರಿ, ಇನ್ನು ಒಂದೇ ಗಂಟೆ ಉಳಿದಿತ್ತು. ಆಯಿಲ್ ಪ್ರೆಷರ್ ಇಳಿಯಿತೆಂದು ಮಾವ ಕಾರು ಬದಿಗೆ ನಿಲ್ಲಿಸಿ ನಡೆದು ಬಂದರು. ನೀನು ಎಲ್ಲರೆದುರು ಹೇಡಿ ಎಂದೆ. ಮರುವಾರ ಅವರು ತಮ್ಮ ಸಾಮಾನಿನ ಪೆಟ್ಟಿಗೆ ತೆಗೆದುಕೊಂಡು ಹೊರಟುಹೋದರು. ‘ಇನ್ನೊಂದು ಗಂಟೆ ಓಡ್ತಿತ್ತೇನೋ. ಯಾರಿಗ್ಗೊತ್ತು?’ ಎಂದರು ನಿನ್ನೆ. ‘ನಂಗೆ ಹೆದರಿಕೆ ಆಗಿದ್ದು ನಿಜ. ನನ್ನ ಬಗ್ಗೆ ಅಲ್ಲ. ಎಂಜಿನ್ ಸುಟ್ಟೋದ್ರೆ ನಿಮ್ಮಪ್ಪನ್ನ ಮತ್ತೆ ಎಬ್ಬಿಸೋಕಾಗಲ್ಲ ಅಂತ.’ ಹೇಳಿ ಕನ್ನಡಕ ತೆಗೆದು ಮತ್ತೆ ಒರೆಸಿಕೊಂಡರು. ಈ ಸಲ ಮಳೆ ಇರಲಿಲ್ಲ.

ಬುಧವಾರ ಸಂಜೆಗೆ ನಾವು ಅಲ್ಲಿರುತ್ತೇವೆ. ಅಳಿಯನ ನಮಸ್ಕಾರಗಳು. ನರ್ಸಮ್ಮನನ್ನು ಗೋಳುಹುಯ್ದುಕೊಳ್ಳಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು, ಲಿಫ್ಟನ್ನು ಅದರ ಪಾಡಿಗೆ ಬಿಡು.

ನಿನ್ನ ಮಗಳು,
ಪೆನ್ಸಿಲ್

ವಿ.ಸೂ: ವ್ಯಾನಿನವರು ಹಾರನ್ ಬಾರಿಸುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅಪ್ಪನನ್ನು ನೋಡಲು ಬನ್ನಿ ಎಂದು ಮಾವನನ್ನು ಕರೆದೆ. ‘ಅವನು ಕರೆದ್ರೆ ಬರ್ತೀನಿ, ನೀನು ಕರೆದ್ರೆ ಅಲ್ಲ’ ಎಂದರು. ಈ ಲಕೋಟೆಯೊಳಗೆ ಒಂದು ಕಾರ್ಡು ಇಟ್ಟಿದ್ದೇನೆ. ಅವರ ವಿಳಾಸ ಬರೆದಿದೆ, ಅಂಚೆಚೀಟಿ ಅಂಟಿಸಿದೆ, ನರ್ಸಮ್ಮ ಡಬ್ಬಿಗೆ ಹಾಕುತ್ತಾರೆ. ಆರೋಗ್ಯದ ವರದಿ ಬೇಡ, ಹಳೆಯ ಲೆಕ್ಕ ಬೇಡ, ‘ಬನ್ನಿ’ ಎಂದೂ ಬೇಡ. ನಿಮ್ಮಿಬ್ಬರ ನಡುವೆ ಯಾವತ್ತೂ ಬಹುವಚನ ಇರಲಿಲ್ಲ. ಒಂದೇ ಒಂದು ಅಕ್ಷರ ಬರೆ, ಅಪ್ಪಾ: ‘ಬಾ.’