ಉಪ್ಪು ಬೆಳೆದ ಡಬ್ಬಿ

ಭಾನುವಾರ, ಊಟವಾದ ಮೇಲೆ

ನನ್ನ ಅಕ್ಕನಿಗೆ,

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಈ ಒಂದು ಸಾಲನ್ನು ಅಮ್ಮ ಪಕ್ಕದಲ್ಲಿ ನಿಂತು ಬರೆಸಿದಳು. ಈಗ ಅವಳು ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಾಳೆ. ಇನ್ನು ಮುಂದಿನದು ನನ್ನದು.

ತೋಳು ಹರಿದಿದೆ ಅಂತ ನೀನು ಕಳಿಸಿದ ನೀಲಿ ಅಂಗಿ ಬಂತು. ನಾನು ಕೆಲಸಕ್ಕೆ ಹೋಗುವ ಟೈಲರ್ ಆಂಟಿ ಅಂಗಡಿಯಲ್ಲೇ ಕೂತು ಹೊಲಿದೆ, ಇದರ ಜೊತೆ ಕಳಿಸುತ್ತಿದ್ದೇನೆ. ಅಂಗಿಯ ಮಡಿಕೆಯಲ್ಲಿ ಪ್ರಶ್ನೆಗಳಿರುವ ಒಂದು ಹಾಳೆ ಇದೆ. ಅದು ಯಾಕೆ ಬಂತು ಅಂತ ಹೇಳಬೇಕಾದರೆ ಉಪ್ಪಿನ ವಿಷಯ ಹೇಳಬೇಕು. ಉಪ್ಪಿನ ವಿಷಯಕ್ಕೆ ಬಂದರೆ ಅಪ್ಪನ ವಿಷಯ ಬರುತ್ತದೆ. ಅದನ್ನು ನಿನ್ನ ಕಿವಿಗೆ ಹಾಕಬಾರದು ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದಾರೆ. ಪರೀಕ್ಷೆ ಹತ್ತಿರ ಬಂತು, ಓದೋ ಹುಡುಗಿ ತಲೆ ಕೆಡಿಸಬೇಡ ಅಂತ ಅಜ್ಜಿ ನನ್ನ ಕಿವಿಯನ್ನೇ ಹಿಡಿದು ಹೇಳಿದ್ದಾಳೆ. ಆದರೂ ಬರೆಯುತ್ತಿದ್ದೇನೆ. ಯಾಕೆ ಅಂತ ಕೊನೆಗೆ ನಿನಗೇ ತಿಳಿಯುತ್ತದೆ.

ಗಾಬರಿ ಬೇಡ. ಅಪ್ಪ ಈ ಹೊತ್ತಿಗೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಪಕ್ಕದ ಮನೆಯವರ ಹೊಸ ಸ್ಕೂಟರಿನ ಬ್ರೇಕು ಸರಿಯಿಲ್ಲ ಅಂತ ಅವರ ಜೊತೆ ಜಗಳ ಆಡುತ್ತಿದ್ದಾರೆ.

ನೀನು ಹೋದ ಸಲ ಬಂದು ಹೋದ ಮೇಲೆ ಅಪ್ಪನ ಡಿಪೋದಲ್ಲಿ ಬಸ್ ಡ್ರೈವರುಗಳಿಗೆಲ್ಲ ರಕ್ತ ಪರೀಕ್ಷೆ ಮಾಡಿದರು. ಅಪ್ಪನ ಕಾಲು ಊದುತ್ತಿದ್ದದ್ದು ನೆನಪಿದೆಯಲ್ಲ? ಸೀಟಿನಲ್ಲಿ ಕೂತೂ ಕೂತೂ ಹಾಗಾಗುತ್ತೆ ಅಂತ ಅವರೇ ಡಾಕ್ಟರಾಗಿ ತೀರ್ಪು ಕೊಟ್ಟಿದ್ದರು. ಬೆನ್ನುನೋವಿನ ಮಾತ್ರೆಯನ್ನು ಕಡಲೆ ತಿಂದ ಹಾಗೆ ತಿನ್ನುತ್ತಿದ್ದರು. ಕಾಲಿನದೇನೂ ಅಲ್ಲವಂತೆ, ಕಿಡ್ನಿ ಸೋತಿದೆಯಂತೆ. ಅಪ್ಪ ಮನೆಗೆ ಬಂದು, ಹೋಗ್ಲಿ ಬಿಡಿ, ಎರಡರಲ್ಲಿ ಒಂದು ಸ್ಟೆಪ್ನಿ ಇರುತ್ತಲ್ಲ ಅಂದರು. ಅಮ್ಮನಿಗೆ ಸ್ವಲ್ಪ ಸಮಾಧಾನ ಆಯಿತು. ಎರಡೂ ಸವೆದಿವೆ ಅನ್ನುವುದನ್ನು ಎಲ್ಲರ ಊಟ ಮುಗಿದ ಮೇಲೆ ಹೇಳಿದರು.

ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಈ ಕಾಯಿಲೆಯ ಸಂಶೋಧನೆ ಮಾಡುವವರಿದ್ದಾರೆ. ಅವರು ನಮ್ಮ ಮನೆಯನ್ನೂ ಸೇರಿಸಿಕೊಂಡರು. ರೋಗಿಯನ್ನಷ್ಟೇ ಅಲ್ಲ, ಅವರು ಇಡೀ ಮನೆಯನ್ನೇ ನೋಡುತ್ತಾರೆ. ಅಡುಗೆಗೆ ಉಪ್ಪೆಷ್ಟು ಬೀಳುತ್ತೆ, ಚಿಕ್ಕ ಮಕ್ಕಳು ಸರಿಯಾಗಿ ಬೆಳೆಯುತ್ತಿದ್ದಾರಾ, ಓದುವ ಮಕ್ಕಳ ಮನಸ್ಸಿನ ಮೇಲೆ ಎಷ್ಟು ಭಾರ ಇದೆ, ಎಲ್ಲವೂ ಬೇಕು ಅವರಿಗೆ. ಅದಕ್ಕೆ ಬದಲಾಗಿ ಅಪ್ಪನ ರಕ್ತ ಪರೀಕ್ಷೆ, ಡಾಕ್ಟರು, ಮಾತ್ರೆ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಅವರಿಲ್ಲದೆ ನಮ್ಮ ಕೈಲಿ ಆಗುವ ವೈದ್ಯ ಅಲ್ಲ ಇದು. ತಿಂಗಳಿಗೊಮ್ಮೆ ಒಬ್ಬ ಹುಡುಗಿ ತಕ್ಕಡಿ ಹೊತ್ತುಕೊಂಡು ಮನೆಗೆ ಬರುತ್ತಾಳೆ. ಅಜ್ಜಿ ಅವಳಿಗೆ ತಕ್ಕಡಿ ಮೇಡಂ ಅಂತ ಹೆಸರಿಟ್ಟಿದ್ದಾಳೆ.

ನಮ್ಮನೆಯವರ ಬುದ್ಧಿ ನಿನಗೆ ಗೊತ್ತೇ ಇದೆ. ಯಾರಾದರೂ ಅಳೆಯಲು ಬಂದರೆ ಸಾಕು, ಅದು ಪರೀಕ್ಷೆ, ಪಾಸಾಗಲೇಬೇಕು, ಸಾಧ್ಯವಾದರೆ ಎದುರುಮನೆಗಿಂತ ಜಾಸ್ತಿ ಅಂಕ ತೆಗೆಯಬೇಕು. ಮೊದಲ ಸಲ ಮಗುವನ್ನು ತೂಗುತ್ತಾರೆ ಅಂತ ಗೊತ್ತಾದ ಕೂಡಲೇ ಅತ್ತಿಗೆ ತನ್ನ ಕಡ್ಡಿಮರಿಗೆ ಬಾಳೆಹಣ್ಣಿನ ಮೇಲೆ ಬಾಳೆಹಣ್ಣು ತುರುಕಿ, ಮೇಲೆ ಹಾಲು ಕುಡಿಸಿ, ಸ್ವೆಟರ್ ತೊಡಿಸಿ ಕೂರಿಸಿದಳು. ಅದು ತಕ್ಕಡಿ ಹತ್ತಿದ ತಕ್ಷಣ ಎಲ್ಲವನ್ನೂ ಅಲ್ಲೇ ವಾಪಸ್ ಕೊಟ್ಟಿತು. ಅಜ್ಜಿ ಬಗ್ಗಿ ನೋಡಿ, ಅದೂ ನಮ್ಮ ಮಗೂದೇ ತಾನೆ, ಸೇರಿಸ್ಕೊಂಡು ಬರ್ಕೊಳ್ಳಮ್ಮ ಅಂದಳು.

ನಿನ್ನ ಪ್ರಶ್ನೆಹಾಳೆಗೆ ಅಮ್ಮನೇ ಉತ್ತರ ಹೇಳಿದಳು. ರಾತ್ರಿ ನಿದ್ದೆ ಬರುತ್ತಾ? ಕರೆದರೂ ಏಳಲ್ಲ. ಊಟ ಸೇರುತ್ತಾ? ತಟ್ಟೆ ನೆಕ್ಕುತ್ತಾಳೆ. ಅಳು ಬರುತ್ತಾ? ನಮ್ಮ ಹುಡುಗಿಗೆ ಅಳೋದಕ್ಕೆ ಪುರುಸೊತ್ತೆಲ್ಲಿದೆ! ನೀನು ಊರಲ್ಲೇ ಇಲ್ಲದೆ ನೂರಕ್ಕೆ ನೂರು ತೆಗೆದೆ.

ಈಗ ಉಪ್ಪು. ಮೇಡಂ ತೂಕ ಮಾಡಿದ ಉಪ್ಪಿನ ಬಿಳಿ ಡಬ್ಬಿ ಒಂದು ಕೊಟ್ಟು, ಅಡುಗೆಗೆ ಇದರಿಂದಲೇ ಹಾಕಿ, ತಿಂಗಳ ಕೊನೆಗೆ ಉಳಿದಿದ್ದನ್ನು ತೂಗುತ್ತೇನೆ ಅಂದಳು. ಅಷ್ಟೇ ಕೆಲಸ. ಮೊದಲ ತಿಂಗಳು ಡಬ್ಬಿ ಹೆಚ್ಚು ಕಡಿಮೆ ಕೊಟ್ಟ ಹಾಗೆಯೇ ಇತ್ತು. ಮೇಡಂ ಕಣ್ಣರಳಿಸಿ, ಇಡೀ ಬೀದಿಯಲ್ಲಿ ನಿಮ್ಮಂಥ ಮನೆ ಇಲ್ಲ ಅಂದಳು. ಅವಳು ಮೂಲೆ ತಿರುಗುವ ಮೊದಲೇ ಅಜ್ಜಿ ಆ ಮಾತನ್ನು ನಲ್ಲಿಯ ಹತ್ತಿರ ಹಂಚಿ ಮುಗಿಸಿದ್ದಳು.

ತೊಂದರೆ ಆದದ್ದು ಆಮೇಲೆ. ಈ ಮನುಷ್ಯ ಉಪ್ಪೇ ತಿನ್ನುವುದಿಲ್ಲ, ಆದರೂ ರಕ್ತದೊತ್ತಡ ಇಳಿಯುತ್ತಿಲ್ಲ, ಹಾಗಾದರೆ ಮಾತ್ರೆಯೇ ಸಾಲುತ್ತಿಲ್ಲ ಅಂತ ಡಾಕ್ಟರು ಲೆಕ್ಕ ಹಾಕಿ ಜೋರಾದ ಮಾತ್ರೆ ಬರೆದರು. ಒಂದು ಬೆಳಿಗ್ಗೆ ಅಪ್ಪ ಡಿಪೋಗೆ ಹೊರಟವರು ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟರು. ಸ್ಟೀರಿಂಗ್ ಹಿಡಿದಾಗ ಹೀಗಾಗಿದ್ದರೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಡಿಪೋದವರು ಅವರನ್ನು ಬಸ್ಸಿನಿಂದ ಇಳಿಸಿ ವಿಚಾರಣೆಯ ಕಿಟಕಿಯಲ್ಲಿ ಕೂರಿಸಿದ್ದಾರೆ. ಅಲ್ಲಿ ಬಂದವರಿಗೆಲ್ಲ ಯಾವ ಬಸ್ಸು ಹತ್ತಬಾರದು ಅಂತ ಸಲಹೆ ಕೊಡುತ್ತಿದ್ದಾರಂತೆ.

ಎರಡನೆಯ ತಿಂಗಳು ಮೇಡಂ ಬಂದು ಡಬ್ಬಿ ತೂಗಿದಳು. ತಕ್ಕಡಿಯನ್ನು ತಟ್ಟಿದಳು. ಮತ್ತೆ ತೂಗಿದಳು. ಆಮೇಲೆ ಮೆಲ್ಲಗೆ, ಅಜ್ಜೀ, ನೀವು ಉಪ್ಪು ತಿನ್ನುತ್ತೀರಾ ಬೆಳೆಯುತ್ತೀರಾ ಅಂತ ಕೇಳಿದಳು. ಅವಳು ಕೊಟ್ಟದ್ದಕ್ಕಿಂತ ಡಬ್ಬಿ ಭಾರ ಆಗಿತ್ತು!

ಅತ್ತಿಗೆ ಮಗುವನ್ನು ನೋಡಿದಳು. ಮಗು ಅಜ್ಜಿಯನ್ನು ನೋಡಿತು. ಅಜ್ಜಿ ಗೋಡೆ ನೋಡಿದಳು. ಮೇಡಂ ನಗುವುದನ್ನು ಬಿಟ್ಟು ಹೇಳಿದ್ದು ಇಷ್ಟು. ಸುಳ್ಳು ತೂಕ ಕೊಡುವ ಮನೆಯನ್ನು ದೊಡ್ಡ ಡಾಕ್ಟರು ಸಂಶೋಧನೆಯಿಂದ ತೆಗೆದುಹಾಕುತ್ತಾರೆ. ತೆಗೆದುಹಾಕಿದರೆ ಅಪ್ಪನ ರಕ್ತ ನೋಡುವವರು ಯಾರೂ ಇರುವುದಿಲ್ಲ.

ಆಗ ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ನೆಂಟರು ಬಂದಿದ್ದರು, ಖರ್ಚು ಜಾಸ್ತಿ ಆಯಿತು, ಹಳೆಯ ಉಪ್ಪಿನಿಂದ ಒಂದು ಹಿಡಿ ತುಂಬಿದ್ದೆ ಅಂದಳು. ಅಜ್ಜಿ, ನಾಲಿಗೆಗೆ ಸಪ್ಪೆ ಅಂತ ಒಂದೊಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ, ಸೊಸೆ ಸಿಕ್ಕಿಬೀಳಬಾರದಲ್ಲ ಅಂತ ನಾನೂ ತುಂಬಿದ್ದೆ ಅಂದಳು. ಅಮ್ಮ ತಿರುಗಿ, ನನಗೋಸ್ಕರನಾ ಅತ್ತೆ ಅಂತ ಕೇಳಿದ್ದಕ್ಕೆ, ಇನ್ನೇನು ಎದುರುಮನೆಯವಳಿಗೋಸ್ಕರನಾ ಅಂತ ಗದರಿದಳು. ನಾನು ಬಾಗಿಲ ಹಿಂದಿನಿಂದಲೇ, ನನ್ನದೂ ಎರಡು ಚಮಚ ಅಂದೆ. ಕೊನೆಗೆ ಅಪ್ಪ ಎದ್ದು ಖಾಕಿ ಅಂಗಿಯ ಜೇಬಿಗೆ ಕೈ ಹಾಕಿದರು. ಕ್ಯಾಂಟೀನಿನ ಮೇಜಿನ ಮೇಲಿಡುತ್ತಾರಲ್ಲ, ಪುಟ್ಟ ಉಪ್ಪಿನ ಪೊಟ್ಟಣ, ಒಂದು ರಾಶಿ ಹೊರಗೆ ಬಂತು. ನನ್ನ ಕಾಯಿಲೆಯಿಂದ ಮನೆ ಹೆಂಗಸರು ಯಾಕೆ ಫೇಲಾಗಬೇಕು ಅಂತ ದಿನಾ ತಂದು ಸುರಿಯುತ್ತಿದ್ದರಂತೆ.

ಅದೇ ಹೊತ್ತಿಗೆ ಟೈಲರ್ ಆಂಟಿ ನನ್ನನ್ನು ಕರೆಯಲು ಬಂದು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಮ್ಮ ಅಂಗಡಿಗೂ ಬರ್ತಾರಮ್ಮ ಇಂಥೋರು, ಟೇಪು ಹಿಡಿದ್ರೆ ಸಾಕು ಹೊಟ್ಟೆ ಒಳಗೆ ಎಳ್ಕೊಂಡು ಉಸಿರು ಕಟ್ಟಿ ನಿಂತ್ಕೋತಾರೆ, ಆಮೇಲೆ ಗುಂಡಿ ಹಾಕೋಕೆ ಆಗಲ್ಲ ಅಂತ ನನ್ನ ಮೇಲೆ ಹಾರ್ತಾರೆ ಅಂದಳು. ಅಪ್ಪನಿಗೆ ಎಷ್ಟು ನಾಟಿತೋ ಏನೋ, ಆಗಲೂ ಹೊಟ್ಟೆ ಎಳೆದುಕೊಂಡೇ ನಿಂತಿದ್ದವರು ನಿಧಾನವಾಗಿ ಬಿಟ್ಟರು. ಮೇಡಂಗೆ ನಗು ತಡೆಯಲಾಗಲಿಲ್ಲ. ದೊಡ್ಡ ಡಾಕ್ಟರ ಹತ್ತಿರ ತಾನೇ ಮಾತಾಡಿ ಇನ್ನೊಂದು ತಿಂಗಳು ಕೊಡಿಸಿದಳು.

ಆ ತಿಂಗಳು ಯಾರೂ ಏನೂ ತುಂಬಲಿಲ್ಲ. ಮೇಡಂ ಬರುವಷ್ಟರಲ್ಲಿ ಡಬ್ಬಿಯ ತಳ ಕಾಣುತ್ತಿತ್ತು. ಸತ್ತ ಇಲಿ ಎತ್ತಿಕೊಟ್ಟ ಹಾಗೆ ಅಮ್ಮ ಮುಖ ತಿರುಗಿಸಿ ಅದನ್ನು ಕೊಟ್ಟಳು. ಮೇಡಂ ಮಾತ್ರ ಬಂಗಾರ ಸಿಕ್ಕವಳಂತೆ ಬರೆದುಕೊಂಡಳು. ಡಾಕ್ಟರು ಜೋರು ಮಾತ್ರೆ ನಿಲ್ಲಿಸಿದರು, ಕಿಡ್ನಿಗೆ ಆಗದ ಬೆನ್ನುನೋವಿನ ಮಾತ್ರೆಯನ್ನು ಬಚ್ಚಲಿಗೆ ಸುರಿಸಿದರು, ಅಡುಗೆಯಲ್ಲಿ ಉಪ್ಪು ಎಲ್ಲೆಲ್ಲಿ ಕಡಿಮೆ ಮಾಡಬಹುದು ಅಂತ ಅಮ್ಮನಿಗೆ ಹೇಳಿಕೊಟ್ಟರು. ಈ ತಿಂಗಳು ಡಬ್ಬಿಯಲ್ಲಿ ಒಂದಿಷ್ಟು ಉಳಿದಿದೆ. ನಿಜವಾಗಿ ಉಳಿದ ಉಪ್ಪು. ಅಪ್ಪನಿಗೆ ತಲೆ ಸುತ್ತುವುದಿಲ್ಲ. ರಕ್ತದ ಫಲಿತಾಂಶ ಮೊದಲಿನಷ್ಟೇ ಬಂದಿದೆ. ಈ ಕಾಯಿಲೆಯಲ್ಲಿ ಅಲ್ಲೇ ನಿಂತರೂ ಗೆದ್ದ ಹಾಗೆ ಅಂತ ಡಾಕ್ಟರು ಹೇಳಿದರಂತೆ. ಅಪ್ಪ ಅದನ್ನು, ಇಳಿಜಾರಲ್ಲಿ ಬ್ರೇಕು ಹಿಡೀತು ಅಂತ ಹೇಳಿಕೊಂಡು ತಿರುಗುತ್ತಿದ್ದಾರೆ. ಕಡ್ಡಿಮರಿ ಈಗ ಖಾಲಿ ಹೊಟ್ಟೆಯಲ್ಲಿ ತಕ್ಕಡಿ ಹತ್ತುತ್ತದೆ. ತೂಕ ಕಡಿಮೆ ಅಂತ ಗೊತ್ತಾಗಿ ಅದಕ್ಕೆ ದಿನಾ ಒಂದು ಮೊಟ್ಟೆ ಸಿಗುತ್ತಿದೆ. ಅಜ್ಜಿಯಂತೂ ನಲ್ಲಿಯ ಹತ್ತಿರ, ನಾವು ಎಷ್ಟು ಉಪ್ಪು ತಿಂತಿದ್ವಿ ಗೊತ್ತಾ, ನಿಮ್ಮ ಕೈಲಾಗುತ್ತಾ ಅಂತ ಹೊಸ ಜಂಬ ಶುರು ಮಾಡಿದ್ದಾಳೆ.

ಈ ಸಲ ಹೋಗುವಾಗ ಮೇಡಂ, ಅಮ್ಮ ಉತ್ತರ ಹೇಳಿದ್ದ ನಿನ್ನ ಹಳೆಯ ಹಾಳೆಯನ್ನು ಹರಿದುಹಾಕಿ ಹೊಸದು ಕೊಟ್ಟಳು. ಓದುವವಳೇ ತುಂಬಲಿ, ಅಲ್ಲಿ ಯಾರ ಅಮ್ಮನೂ ಪಕ್ಕದಲ್ಲಿ ನಿಲ್ಲುವುದು ಬೇಡ ಅಂದಳು. ಮಡಿಕೆಯಲ್ಲಿರುವುದು ಅದೇ.

ಅಮ್ಮ ಮಹಡಿ ಇಳಿಯುತ್ತಿದ್ದಾಳೆ, ಬಕೆಟ್ಟಿನ ಸದ್ದು ಕೇಳುತ್ತಿದೆ.

ಎಲ್ಲಿ ಹೋದರೂ ನಿನ್ನ ಹಿಂದೆಯೇ ಬರುತ್ತಿದ್ದ,
ನಿನ್ನ ಬಾಲ

ಸಹಿ ಹಾಕಿದ ಮೇಲೆ ಒಂದು ಮಾತು: ನೀಲಿ ಅಂಗಿಯನ್ನು ಮೊದಲು ನಿನ್ನ ಅಳತೆಗೆ ಹೊಲಿದವಳು ನಾನೇ. ತೋಳು ಹೊಲಿಯಲು ಒಳಮಗ್ಗುಲು ತಿರುಗಿಸಿದಾಗ ಎರಡೂ ಪಕ್ಕಗಳಲ್ಲಿ ನಿನ್ನ ಕೈಹೊಲಿಗೆ ಕಂಡಿತು. ಇಷ್ಟೊಂದು ಬಿಗಿ ಮಾಡಿಕೊಂಡಿದ್ದೀಯ, ಕಾಗದದಲ್ಲಿ ಮಾತ್ರ ಚೆನ್ನಾಗಿ ಉಣ್ಣುತ್ತೇನೆ, ಚೆನ್ನಾಗಿ ಮಲಗುತ್ತೇನೆ ಅಂತ ಬರೆಯುತ್ತೀಯ. ನೀನೂ ಈ ಮನೆಯವಳೇ ತಾನೆ. ನಿನ್ನ ಹೊಲಿಗೆ ಬಿಚ್ಚಿ, ಈಗಿನ ನಿನ್ನ ಮೈಗೆ ಸರಿಯಾಗಿ ಹೊಲಿದಿದ್ದೇನೆ. ಬಟ್ಟೆ ಕತ್ತರಿಸಿಲ್ಲ ಅಕ್ಕಾ, ಎಲ್ಲ ಒಳಗೇ ಬಿಟ್ಟಿದ್ದೇನೆ, ಯಾವಾಗ ಬೇಕಾದರೂ ಬಿಚ್ಚಬಹುದು. ಹಾಳೆಯಲ್ಲಿ ಮಾತ್ರ ನಿನಗಿರುವಷ್ಟೇ ಬರೆ. ಫೇಲಾದರೆ ಅಪ್ಪನೇ ಬಂದು ನಿನ್ನನ್ನು ಕರೆದುಕೊಂಡು ಬರುತ್ತಾರೆ. ಯಾವ ಬಸ್ಸು ಹತ್ತಬಾರದು ಅಂತ ಅವರಿಗೆ ಚೆನ್ನಾಗಿ ಗೊತ್ತು.