ತಿಳಿ ಎಂದು ಬರೆದಿದ್ದ ಪೀಪಾಯಿ

ಪ್ರೀತಿಯ ಚಿಕ್ಕಪ್ಪ,

ಈ ಪತ್ರವನ್ನು ಚಿಕ್ಕಮ್ಮ ನಿನಗೆ ಓದಿ ಹೇಳುತ್ತಾಳೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿನ್ನ ಕಣ್ಣಿಗೆ ಈಗ ಬೆಳಕು ನೆರಳಿಗಿಂತ ಹೆಚ್ಚೇನೂ ಕಾಣುವುದಿಲ್ಲವೆಂದು ಹೋದ ತಿಂಗಳು ಫೋನಿನಲ್ಲಿ ಅವಳೇ ಹೇಳಿದಳು. "ಅಷ್ಟು ವರ್ಷ ಕಪ್ಪು ಗಾಜಿಲ್ಲದೆ ಆ ವೆಲ್ಡಿಂಗ್ ಬೆಂಕಿ ನೋಡಿದ್ರೆ ಇನ್ನೇನಾಗುತ್ತೆ? ಹೇಳಿದ ಮಾತು ಕೇಳೋ ಪೈಕಿನಾ ನಿನ್ನ ಚಿಕ್ಕಪ್ಪ?" ಅಂದಳು. ಅವತ್ತೇ ನಿನ್ನೊಡನೆ ಮಾತಾಡಬೇಕೆಂದುಕೊಂಡಿದ್ದೆ. ನೀನು ಫೋನ್ ಹಿಡಿದೆ. ನಾನು ಚಳಿ ಹೇಗಿದೆ ಎಂದು ಕೇಳಿದೆ. ಚಳಿ ಚೆನ್ನಾಗಿಯೇ ಇದೆ ಎಂದೆ ನೀನು. ಅಷ್ಟಕ್ಕೇ ನಾನು ಫೋನ್ ಇಟ್ಟುಬಿಟ್ಟೆ.

ಚಿಕ್ಕಮ್ಮ, ನಡುವೆ ಒಂದು ಕಡೆ ನಿನಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಬರಲಿ. ಆದರೆ ಓದುವುದನ್ನು ನಿಲ್ಲಿಸಬೇಡ, ಕೊನೆಯಲ್ಲಿ ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ.

ಚಿಕ್ಕಪ್ಪ, ನೀನೂ ಅಪ್ಪನೂ ನಡೆಸುತ್ತಿದ್ದ ರಿಪೇರಿ ಶೆಡ್ಡಿನ ಒಲೆ ನೆನಪಿದೆಯಾ ಎಂದು ಕೇಳಿದರೆ ನೀನು ನಗುತ್ತೀಯ. ನೀನು ಹಳೆಯ ಕಂಪ್ರೆಸರ್ ಟ್ಯಾಂಕನ್ನು ನೆಟ್ಟಗೆ ನಿಲ್ಲಿಸಿ, ತಳದಲ್ಲಿ ಲಾರಿಯ ಬ್ರೇಕ್ ಡ್ರಮ್ಮನ್ನು ಬಟ್ಟಲಿನ ಹಾಗೆ ಕೂರಿಸಿ, ಮೇಲಿನಿಂದ ತಾಮ್ರದ ಸಣ್ಣ ಕೊಳವೆ ಇಳಿಸಿದ್ದೆ. ಇಂಜಿನ್ನುಗಳಿಂದ ಇಳಿಸಿದ ಹಳೆ ಆಯಿಲ್ ಆ ಕೊಳವೆಯಿಂದ ಹನಿ ಹನಿಯಾಗಿ ಬೀಳಬೇಕು, ಕಾದ ಬಟ್ಟಲಿಗೆ ಮುಟ್ಟಿದ ಕೂಡಲೇ ಉರಿಯಾಗಬೇಕು. ನೀನು ಅದನ್ನು ಕಟ್ಟುತ್ತಿದ್ದ ವಾರವಿಡೀ ಅಪ್ಪ, "ಕಸದಿಂದ ರಸ ತೆಗೀತಾನಂತೆ ನನ್ನ ತಮ್ಮ" ಎಂದು ಬಂದವರಿಗೆಲ್ಲ ತೋರಿಸಿ ಆಡಿಕೊಂಡರು. ಒಲೆ ಹತ್ತಿದ ದಿನ ಮೊದಲು ಬೆನ್ನು ಕಾಯಿಸಿಕೊಂಡವರೂ ಅವರೇ. ಆಮೇಲೆ ಆ ಜಾಗ ಬಿಟ್ಟು ಏಳಲಿಲ್ಲ.

ಮನೆಗಿಂತ ಶೆಡ್ಡು ಬೆಚ್ಚಗಾಯಿತು. ನಾನು ಪುಸ್ತಕ ಹಿಡಿದು ಅಲ್ಲಿಗೇ ಬರತೊಡಗಿದೆ. ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಪದ್ಯ ಓದುತ್ತಿದ್ದರೆ ನೀನು ಆಯಿಲ್ ಬಿಡುವ ನಲ್ಲಿಯ ತಿರುಪನ್ನು ಎರಡು ಬೆರಳಲ್ಲಿ ಹಿಡಿದು, ನನ್ನ ಓದಿನ ಲಯಕ್ಕೆ ಹನಿ ಬೀಳುವಂತೆ ತಿರುಗಿಸುತ್ತಿದ್ದೆ. ಒಂದೊಂದು ಪದ್ಯಕ್ಕೂ ನಿನ್ನದೊಂದು ತೀರ್ಪು. "ಈ ಕವಿ ನಿಧಾನ, ಆಯಿಲ್ ಉಳಿಯುತ್ತೆ." "ಇವನಿಗೆ ಶೆಡ್ ಕಾಯಲ್ಲ ಕಣೇ, ಬೇರೆಯವನನ್ನ ಓದು." ಮುಂದೆ ನಾನು ಛಂದಸ್ಸಿನ ಪಾಠ ಕೇಳಿದೆ, ಪಾಠ ಹೇಳಿದೆ, ಅದರ ಬಗ್ಗೆ ಪ್ರಬಂಧವನ್ನೂ ಬರೆದೆ. ಇವತ್ತಿಗೂ ಮಾತ್ರೆ ಎಣಿಸುವಾಗ ನನ್ನ ಕಿವಿಯಲ್ಲಿ ಬೀಳುವುದು ಆಯಿಲಿನ ಹನಿಯೇ.

ಗೋಡೆಯ ಪಕ್ಕದಲ್ಲಿ ಮೂರು ಪೀಪಾಯಿಗಳಿದ್ದವು. ಹೊಸದಾಗಿ ಇಳಿಸಿದ ಆಯಿಲ್ ಎಂಟು ದಿನ ಅಲುಗಾಡದೆ ನಿಲ್ಲಬೇಕು, ಅದರಲ್ಲಿ ಸೇರಿದ ನೀರು, ರಾಡಿ ತಳಕ್ಕಿಳಿಯಬೇಕು ಎನ್ನುವುದು ನಿನ್ನ ನಿಯಮ. ಪೀಪಾಯಿಯ ನಲ್ಲಿಯನ್ನೂ ತಳದಿಂದ ನಾಲ್ಕು ಬೆರಳು ಮೇಲೇ ಕೂರಿಸಿದ್ದೆ. ಎಂಟು ದಿನ ತುಂಬಿದ ಪೀಪಾಯಿಯ ಮೇಲೆ ಸೀಮೆಸುಣ್ಣದಲ್ಲಿ "ತಿಳಿ" ಎಂದು ಬರೆಯುತ್ತಿದ್ದೆ. ಅದನ್ನು ಮಾತ್ರ ಒಲೆಗೆ ಜೋಡಿಸಬೇಕು. ನಾನು ಬುದ್ಧಿವಂತೆಯ ಹಾಗೆ, "ತಿಳಿ ಅಂದ್ರೆ ಅರ್ಥಮಾಡಿಕೋ ಅಂತಾನೂ ಆಗುತ್ತೆ ಚಿಕ್ಕಪ್ಪ, ಪೀಪಾಯಿಗೆ ಪಾಠ ಹೇಳ್ತಿದ್ದೀಯಾ?" ಎಂದು ಕೆಣಕಿದ್ದೆ. ನೀನು ತಲೆಯೆತ್ತದೆ, "ಹೌದು. ಎಂಟು ದಿನ ಬಾಯಿ ಮುಚ್ಕೊಂಡು ಕೂತ್ರೆ ಅದಕ್ಕೇ ತಿಳಿಯುತ್ತೆ. ನೀನೂ ಒಂದ್ಸಲ ಕೂತು ನೋಡು" ಎಂದಿದ್ದೆ.

ಕೂತೆ ಚಿಕ್ಕಪ್ಪ. ಇಪ್ಪತ್ತೇಳು ವರ್ಷ.

ಇನ್ನು ಹೇಳಬೇಕಾದದ್ದನ್ನು ಹೇಳುತ್ತೇನೆ. ಆ ದಿನ ಮಧ್ಯಾಹ್ನ ನೀನೂ ಅಪ್ಪನೂ ಬಿಡಿಭಾಗ ತರಲು ಹೋಗಿದ್ದಿರಿ. ಒಲೆಯ ಹನಿ ತೆಳ್ಳಗಾಗುತ್ತಾ ಬಂತು. ಒಲೆಗೆ ಜೋಡಿಸಿದ್ದ "ತಿಳಿ" ಪೀಪಾಯಿಗೆ ಬಡಿದು ನೋಡಿದರೆ ಆಯಿಲ್ ನಲ್ಲಿಯ ಮಟ್ಟಕ್ಕೆ ಇಳಿದಿತ್ತು. ನನಗೆ ಇನ್ನೂ ಇಪ್ಪತ್ತು ಪುಟ ಓದುವುದಿತ್ತು. ಬೆಂಚಿನ ಕೆಳಗೆ ಒಂದು ಡಬ್ಬ ಕಂಡಿತು, ಮೇಲೆಲ್ಲ ಕಪ್ಪಗೆ ಒಳ್ಳೆಯ ಆಯಿಲಿನಂತೆಯೇ ಇತ್ತು. ಎತ್ತಿ ಪೀಪಾಯಿಗೆ ಸುರಿದೆ. ಅರ್ಧ ಡಬ್ಬದ ನಂತರ ಹಾಲು ಹಾಕಿದ ಚಹಾದ ಬಣ್ಣ ಬಂತು. ಇಂಜಿನ್ನಿನೊಳಗೆ ನೀರು ನುಗ್ಗಿ ಕೆಟ್ಟಿದ್ದ ಆಯಿಲ್ ಅದು, ನೀನು ಬೇರೆಯಾಗಿಯೇ ತೆಗೆದಿಟ್ಟಿದ್ದೆ. ನನಗೆ ಗೊತ್ತಾಯಿತು. ಗೊತ್ತಾದರೂ, ಸ್ವಲ್ಪ ತಾನೇ ಅಂದುಕೊಂಡು ಉಳಿದದ್ದನ್ನೂ ಸುರಿದೆ. ಆಮೇಲೆ ಮಾಡಿದ್ದು ಇನ್ನೂ ದೊಡ್ಡ ಮೂರ್ಖತನ. ಸಾರು ಕೆಟ್ಟಿತೆಂದು ಸೌಟು ಆಡಿಸುವವಳ ಹಾಗೆ ಒಂದು ಕೋಲು ತೆಗೆದುಕೊಂಡು ಚೆನ್ನಾಗಿ ಕಲಕಿಬಿಟ್ಟೆ. ಸುಮ್ಮನೆ ಬಿಟ್ಟಿದ್ದರೆ ನೀರು ತನ್ನಷ್ಟಕ್ಕೆ ತಾನೇ ನಲ್ಲಿಯ ಕೆಳಗೆ ಇಳಿಯುತ್ತಿತ್ತೋ ಏನೋ. ಕಲಕಿದ ಮೇಲೆ ನನಗೇ ಹೆದರಿಕೆಯಾಯಿತು. ನಲ್ಲಿ ಮುಚ್ಚಿ, ಒಲೆ ಆರುವವರೆಗೆ ಕಾದು, ಪುಸ್ತಕ ಎತ್ತಿಕೊಂಡು ಮನೆಗೆ ಹೋದೆ. ನಿನಗೆ ಹೇಳಿದರಾಯಿತು ಎಂದುಕೊಂಡೆ. ಹೇಳಲಿಲ್ಲ.

ಬೆಳಿಗ್ಗೆ ಒಲೆ ಹಚ್ಚಿದ್ದು ಅಪ್ಪ. ಬಟ್ಟಲು ಕಾಯುವವರೆಗೆ ಎಲ್ಲ ಸರಿಯಿತ್ತು. ಕಾದ ಮೇಲೆ ನೀರು ಬಿತ್ತು. ನಾನು ಬಾಗಿಲಲ್ಲಿದ್ದೆ. ಒಲೆ ಒಮ್ಮೆ ಸೀನಿದಂತಾಯಿತು, ಉರಿಯುವ ಆಯಿಲ್ ಬಾಯಿಂದ ಹಾರಿ ಅಪ್ಪನ ಬಲಗೈಯನ್ನು ಮೊಣಕೈವರೆಗೆ ಅಪ್ಪಿಕೊಂಡಿತು. ನೀನು ಹೊರಗಿನಿಂದ ಓಡಿ ಬಂದೆ, ನಿನ್ನ ಕೋಟನ್ನೇ ಅವರ ಕೈಗೆ ಸುತ್ತಿದೆ, ಒಲೆಯ ಮೇಲೆ ಮರಳು ಸುರಿದೆ. ಪಕ್ಕದ ಲಾರಿಯವನು ಅಪ್ಪನನ್ನು ಆಸ್ಪತ್ರೆಗೆ ಒಯ್ದ. ಶೆಡ್ಡಿನಲ್ಲಿ ನಾವಿಬ್ಬರೇ ಉಳಿದೆವು.

ನೀನು ನಲ್ಲಿ ತಿರುಗಿಸಿ ಅಂಗೈಗೆ ಸ್ವಲ್ಪ ಆಯಿಲ್ ಹಿಡಿದು ನೋಡಿದೆ. ಬೆಂಚಿನ ಕೆಳಗಿನ ಖಾಲಿ ಡಬ್ಬ ನೋಡಿದೆ. ಕೋಲು ನೋಡಿದೆ. ಆಮೇಲೆ ನನ್ನನ್ನು ನೋಡಿದೆ. ಪೀಪಾಯಿಯ ಮೇಲೆ ನಿನ್ನ ಕೈಬರಹದಲ್ಲಿ "ತಿಳಿ" ಎಂದು ಹಾಗೇ ಇತ್ತು. ಅದು ಅಲ್ಲಿದ್ದರೆ ಯಾರಾದರೂ ಕೇಳುತ್ತಿದ್ದರು: ಗುರುತು ಹಾಕಿದ ಪೀಪಾಯಿಗೆ ಕೆಟ್ಟ ಆಯಿಲ್ ಸುರಿದವರು ಯಾರು? ಆ ಮಧ್ಯಾಹ್ನ ಅಲ್ಲಿದ್ದವಳು ನಾನೊಬ್ಬಳೇ. ನೀನು ಅದೇ ಅಂಗೈಯಿಂದ ಆ ಅಕ್ಷರ ಒರೆಸಿಬಿಟ್ಟೆ.

ಅಪ್ಪ ಆಸ್ಪತ್ರೆಯ ಮಂಚದ ಮೇಲೆ ಕೇಳಿದಾಗ, "ಗುರುತು ಹಾಕಿರಲಿಲ್ಲ ಅಣ್ಣ. ನೋಡದೆ ಜೋಡಿಸಿಬಿಟ್ಟೆ. ನಂದೇ ತಪ್ಪು" ಎಂದೆ ನೀನು. ಅವರು ಗೋಡೆಯ ಕಡೆ ತಿರುಗಿ, "ನನ್ನ ಕೈಯೇ ಹೋಯ್ತು. ನಾಳೆಯಿಂದ ಶೆಡ್ಡಿಗೆ ಬರಬೇಡ" ಎಂದರು. ನಾನು ಮಂಚದ ಕಾಲ ಬಳಿ ನಿಂತಿದ್ದೆ. ನಿಂತೇ ಇದ್ದೆ.

ಚಿಕ್ಕಮ್ಮ, ನೀವಿಬ್ಬರೂ ಆ ಚಳಿಯಲ್ಲಿ ಮನೆ ಖಾಲಿ ಮಾಡಿದ್ದು, ನೀನು ಊರೂರು ಅಲೆದು ಬಾಡಿಗೆ ಕೋಣೆ ಹುಡುಕಿದ್ದು ಇದಕ್ಕೆ. ನಿನ್ನ ಗಂಡನ ಮರೆವಿಗಲ್ಲ. ಅವನು ಯಾವುದನ್ನೂ ಮರೆಯುವವನಲ್ಲ ಎಂದು ನೀನು ಅವತ್ತು ಬಾಗಿಲಲ್ಲಿ ನಿಂತು ಕೂಗಿದ್ದೆ. ನಿನ್ನ ಮಾತೇ ನಿಜ.

ಚಿಕ್ಕಪ್ಪ, ಹೇಳಲು ನನಗೆ ಇನ್ನೊಂದು ಅವಕಾಶ ಸಿಕ್ಕಿತ್ತು. ಆರು ತಿಂಗಳ ಮೇಲೆ, ಎಂ.ಎ. ಸಂದರ್ಶನಕ್ಕೆ ಅಪ್ಪ ಬಲ ಅಂಗೈಯನ್ನು ಸ್ಟೀರಿಂಗಿಗೆ ಒತ್ತಿ ಹಿಡಿದು ನನ್ನನ್ನು ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದಾಗ ಹಿಂದಿನ ಸ್ಪ್ರಿಂಗ್ ಪಟ್ಟಿ ಹಿಡಿಯುವ ಕೊಂಡಿ ಮುರಿಯಿತು. ಬಟ್ಟಬಯಲ ರಸ್ತೆ. ದಾರಿಹೋಕನೊಬ್ಬ, "ಇಲ್ಲಿಗೆ ಬಂದು ವೆಲ್ಡಿಂಗ್ ಮಾಡೋನು ಒಬ್ಬನೇ ಇದ್ದಾನೆ, ಕಳಿಸ್ತೀನಿ" ಎಂದು ಹೋದ. ಮುಕ್ಕಾಲು ಗಂಟೆಗೆ ಸೈಕಲ್ ಗಾಡಿ ತಳ್ಳಿಕೊಂಡು ಬಂದವನು ನೀನು. ಗಾಡಿಯಲ್ಲಿ ಎರಡು ಲಾರಿ ಬ್ಯಾಟರಿ, ಒಂದು ಕಟ್ಟು ವೆಲ್ಡಿಂಗ್ ಕಡ್ಡಿ, ಒದ್ದೆ ಗೋಣಿಚೀಲ. ನಿನ್ನ ವೆಲ್ಡಿಂಗ್ ಸೆಟ್ಟು ನಮ್ಮ ಶೆಡ್ಡಿನಲ್ಲೇ ಉಳಿದಿತ್ತಲ್ಲ, ಬ್ಯಾಟರಿಯ ಕರೆಂಟಿನಲ್ಲೇ ಬೆಸೆಯುತ್ತಿದ್ದೆ.

ಅಪ್ಪ ವ್ಯಾನಿನಿಂದ ಇಳಿಯಲಿಲ್ಲ. ನಾನು ನಡುವೆ ನಿಂತೆ.

"ಎಷ್ಟು ಹೊತ್ತಾಗುತ್ತೆ ಅಂತ ಕೇಳು ಅವನಿಗೆ."

"ಇಳಿದ್ರೆ ಬೇಗ ಆಗುತ್ತೆ ಅಂತ ಹೇಳು ಅಣ್ಣಂಗೆ. ಅವನ ತೂಕ ನನ್ನ ತಲೆ ಮೇಲಿದೆ."

"ನನ್ನ ತೂಕ ಅವನು ಹೊತ್ತಿದ್ದು ಸಾಕು ಅಂತ ಹೇಳು."

ಆದರೂ ಅಪ್ಪ ಇಳಿದು, ಬೆನ್ನು ತಿರುಗಿಸಿ ನಿಂತರು. ನೀನು ವ್ಯಾನಿನ ಬ್ಯಾಟರಿಯನ್ನೂ ಬಿಚ್ಚಿ ನಿನ್ನ ಎರಡಕ್ಕೆ ಸಾಲಾಗಿ ಜೋಡಿಸಿದೆ. ಕಿಡಿ ಹಾರದಂತೆ ಮೂರರ ಮೇಲೂ ಗೋಣಿಚೀಲ ಹೊದಿಸಿದೆ. ಇದ್ದ ಒಂದೇ ಕಪ್ಪು ಗಾಜನ್ನು ನನ್ನ ಕೈಗೆ ಕೊಟ್ಟೆ. "ನಿನಗೆ?" ಎಂದೆ ನಾನು. "ನೀನು ಮುಂದೆ ಓದಬೇಕಲ್ಲ, ಹಿಡ್ಕೋ. ನಾನು ಕಡ್ಡಿ ತಾಗಿಸೋವಾಗ ಕಣ್ಣು ಮುಚ್ಚಿಕೊಳ್ತೀನಿ" ಎಂದೆ. ಸ್ವಲ್ಪ ಬೆಸೆಯುವುದು, ಬ್ಯಾಟರಿ ಬಿಸಿಯಾಗದಂತೆ ನಿಲ್ಲಿಸುವುದು, ಮತ್ತೆ ಬೆಸೆಯುವುದು. ಆ ಬಿಡುವುಗಳಲ್ಲಿ ಒಂದು ವಾಕ್ಯ ಸಾಕಿತ್ತು. ನನ್ನ ಬಾಯಿಗೆ ಬಂದಿತ್ತು ಕೂಡ. ಆದರೆ ಸಂದರ್ಶನ ಹನ್ನೊಂದು ಗಂಟೆಗೆ. ಹೇಳಿದರೆ ಅಪ್ಪ ವ್ಯಾನು ತಿರುಗಿಸುತ್ತಾರೆ ಎನಿಸಿತು. ನೀನು, "ಏನೇ, ಈಗ ಯಾವ ಕವಿ?" ಎಂದು ಕೇಳಿದೆ. ನಾನು ಒಂದು ಹೆಸರು ಹೇಳಿದೆ.

ಕೊನೆಗೆ ನೀನು ಕಣ್ಣು ಮುಚ್ಚಿಕೊಂಡೇ, ಆರಿದ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದೆ. "ನೋಡಿದ್ರೆ ಮೋಸ ಹೋಗ್ತೀವಿ. ಮುಟ್ಟಿದ್ರೆ ಗೊತ್ತಾಗುತ್ತೆ ಬೆಸುಗೆ ಕೂತಿದೆಯೋ ಇಲ್ಲವೋ" ಎಂದೆ. ಆ ಕೊಂಡಿ ಮತ್ತೆ ಮುರಿಯಲೇ ಇಲ್ಲ. ನಾನು ಎಂ.ಎ. ಮಾಡಿದೆ. ಆ ಗಾಜು ನನ್ನ ಕೈಯಲ್ಲೇ ಉಳಿದು ನನ್ನೊಂದಿಗೇ ಬಂತು. ವಾಪಸು ಕೊಡಬೇಕೆಂದು ಹೊಳೆದದ್ದು ಸಂದರ್ಶನ ಮುಗಿದ ಮೇಲೆ. ಈಗ ನಿನ್ನ ಕಣ್ಣಿನ ಸುದ್ದಿ ಕೇಳಿದಾಗಿನಿಂದ ಮೇಜಿನ ಖಾನೆ ತೆರೆಯಲು ಆಗುತ್ತಿಲ್ಲ. ಅದು ಅಲ್ಲೇ ಇದೆ.

ಹೋದ ವಾರ ಅಪ್ಪ ಶೆಡ್ಡು ಖಾಲಿ ಮಾಡಿಸಿದರು. ಮೂಲೆಯಲ್ಲಿ ಆ ಪೀಪಾಯಿ ಸಿಕ್ಕಿತು. ಧೂಳು ಒರೆಸಿದರೆ ನಿನ್ನ ಅಂಗೈಯ ಗುರುತು, ಎಣ್ಣೆ ಕಚ್ಚಿ ಕಪ್ಪಾಗಿ, ಐದು ಬೆರಳೂ ಹಾಗೇ ಇದ್ದವು. ನಾನು ಅದರ ಮೇಲೆ ನನ್ನ ಅಂಗೈ ಇಟ್ಟೆ. ಅಪ್ಪ ಏನಾಯಿತೆಂದು ಕೇಳಿದರು. ಹೇಳಿದೆ. ಎಲ್ಲವನ್ನೂ.

ಅವರು ತುಂಬ ಹೊತ್ತು ತಮ್ಮ ಬಲಗೈಯನ್ನೇ ನೋಡಿಕೊಂಡಿದ್ದರು. ಆಮೇಲೆ ಮೊದಲು ಕೇಳಿದ್ದು, "ಕೋಲಲ್ಲಿ ಕಲಕಿದೆಯಾ?"

"ಹೂಂ."

"ಆಯಿಲ್ ಯಾರಾದ್ರೂ ಕಲಕ್ತಾರೇನೇ, ಹುಚ್ಚಿ" ಎಂದರು. ನಗುತ್ತಾರೆಂದುಕೊಂಡೆ. ಎಪ್ಪತ್ತೆಂಟು ವರ್ಷದ ಮನುಷ್ಯ ಪೀಪಾಯಿಗೆ ಹಣೆ ಇಟ್ಟು ಅತ್ತರು. "ಅವನನ್ನ ಒಂದು ಮಾತು ಕೇಳಲಿಲ್ಲವಲ್ಲ ನಾನು" ಎಂದರು. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಅವರಿಗೆ ಕೇಳಲು ಒಬ್ಬ ತಮ್ಮನಿದ್ದ, ಕೇಳದಂತೆ ಮಾಡಿದ್ದು ನನ್ನ ಮುಚ್ಚಿದ ಬಾಯಿ.

ಸುಮ್ಮನೆ ಕೂತರೆ ತಿಳಿಯಾಗುತ್ತದೆ ಎಂದೆಯಲ್ಲ ಚಿಕ್ಕಪ್ಪ, ಆಯಿಲಿಗೆ ಆ ಮಾತು ಸರಿ. ಮನುಷ್ಯರಲ್ಲಿ ಮೇಲೆ ಮಾತ್ರ ತಿಳಿಯಾಗುತ್ತದೆ. ತಳದ ನೀರು ತಳದಲ್ಲೇ ಇರುತ್ತದೆ, ಯಾವಾಗ ಬೆಂಕಿಗೆ ಬೀಳುತ್ತದೋ ಎಂದು ಕಾಯುತ್ತಾ. ಕ್ಷಮಿಸು ಎಂದು ಕೇಳುವ ಧೈರ್ಯ ನನಗಿಲ್ಲ. ನಿನ್ನ ವರ್ಷಗಳನ್ನಾಗಲಿ ಕಣ್ಣನ್ನಾಗಲಿ ಯಾವ ಪದದಿಂದಲೂ ಬೆಸೆಯಲಾಗದು. ತಪ್ಪು ನನ್ನದಾಗಿತ್ತು ಎಂದು, ನಿನ್ನ ಮನೆಯಲ್ಲಿ ಗಟ್ಟಿಯಾಗಿ ಓದಿದ ದನಿಯೊಂದು ನಿನ್ನ ಕಿವಿಗೆ ಬಿದ್ದರೆ ಸಾಕು.

ನಿನ್ನ ವೆಲ್ಡಿಂಗ್ ಸೆಟ್ಟು ಇನ್ನೂ ಇಲ್ಲೇ ಇದೆಯೆಂದು ಬರಿ ಎಂದರು ಅಪ್ಪ. ಬರೆದಿದ್ದೇನೆ. "ಇನ್ನೇನು ಹೇಳಲಿ ಅವನಿಗೆ?" ಎಂದು ಅಭ್ಯಾಸದಂತೆ ಕೇಳಿದೆ. "ಸಾಕು, ನೀನು ನಡುವೆ ನಿಂತಿದ್ದು" ಎಂದು ಪೆನ್ನು ಕಿತ್ತುಕೊಂಡರು. ಬಲಗೈ ಬೆರಳು ಮಡಚುವುದಿಲ್ಲ, ಎಡಗೈಯಲ್ಲಿ ಬರೆದಿದ್ದಾರೆ. ಕೆಳಗಿರುವ ಸೊಟ್ಟ ಅಕ್ಷರ ಅವರದು.

ಚಿಕ್ಕಮ್ಮ, ಕೆಲಸ ಇದೇ. ಆ ಒಂದು ಪದವನ್ನು ನೀನು ಓದಬೇಡ. ಅಪ್ಪ ಎಷ್ಟು ಒತ್ತಿ ಬರೆದಿದ್ದಾರೆಂದರೆ ಹಾಳೆಯ ಹಿಂಬದಿ ಉಬ್ಬಿದೆ. ಚಿಕ್ಕಪ್ಪನ ಹೆಬ್ಬೆರಳನ್ನು ಹಿಡಿದು ಆ ಉಬ್ಬಿನ ಮೇಲೆ ಇಡು. ಕೂತಿದೆಯೋ ಇಲ್ಲವೋ ಅವನೇ ಹೇಳಲಿ.

ನಿಮ್ಮಿಬ್ಬರಿಗೂ ಈ ಚಳಿ ಬೆಚ್ಚಗೆ ಕಳೆಯಲಿ.

ನಿನ್ನ ಸ್ಟೂಲಿನ ಮೇಲೆ ಪದ್ಯ ಓದುತ್ತಿದ್ದ,
ಅಣ್ಣನ ಮಗಳು

ತಿಳೀತು