ಬಾಲವಿಲ್ಲದ ಗಿಳಿ

ಅಕ್ಕಾ,

ಬದುಕಿದ್ದೇನೆ, ಮೊದಲು ಅದನ್ನು ತಿಳಿದುಕೋ. ಎರಡು ತಿಂಗಳಿಂದ ರಬ್ಬರ್ ಹಾಳೆಯ ಮೇಲೆ ಹಚ್ಚೆ ಹಾಕಿ ಹಾಕಿ ಕತ್ತು ಹಿಡಿದುಕೊಂಡಿದೆ. ನಿದ್ದೆಯಲ್ಲೂ ಆ ಮೆಷಿನ್ ಕೈಯೊಳಗೆ ಗುಂಯ್‌ಗುಡುತ್ತದೆ.

ಗಿರಾಕಿಯನ್ನು ಮುಟ್ಟುವ ಮುಂಚೆ ನಮ್ಮ ತೊಡೆಗೇ ಒಂದು ಹಾಕಿಕೊಳ್ಳಬೇಕಂತೆ. ಅಮ್ಮನ ದಿಂಬಿನ ಕವರಿನಿಂದ ಹಾಳೆಗೆ ಇಳಿಸಿಕೊಂಡು ತಂದಿದ್ದೆನಲ್ಲ ಕಸೂತಿ ಗಿಳಿ, ಆ ಹಾಳೆಯನ್ನೇ ಒದ್ದೆ ಮಾಡಿ ಅಚ್ಚೊತ್ತಿಕೊಂಡೆ. ಇದ್ದ ಒಂದೇ ಹಾಳೆ ಮುದ್ದೆಯಾಯಿತು, ಗಿಳಿ ಚೆನ್ನಾಗಿ ಮೂಡಿತು. ಕೊಕ್ಕಿನಿಂದ ಶುರು ಮಾಡಿದೆ. ಇಳಿಯುವ ಶಾಯಿಯನ್ನು ಒರೆಸಿದಾಗಲೆಲ್ಲ ಕೆಳಗಿನ ಅಚ್ಚಿನ ಗೆರೆಗಳೂ ಅಳಿಸಿಹೋದವು. ರೆಕ್ಕೆ ಮುಗಿಯುವಷ್ಟರಲ್ಲಿ ಬಾಲವೇ ಮಾಯ.

"ಕೆಳಗಿಂದ ಮೇಲಕ್ಕೆ ಹಾಕು ಅಂತ ಬಾಯಿ ಬಡ್ಕೊಂಡೆ, ಕಿವಿಗೆ ಹಾಕ್ಕೊಂಡ್ಯಾ?" ಎಂದರು ಕಲಿಸುವ ಮೇಡಂ. "ಇದನ್ನ ಸರಿಯಾಗಿ ಮುಗಿಸೋ ತನಕ ಯಾರ ಮೈಯನ್ನೂ ಮುಟ್ಟಬೇಡ."

ಮೂರು ಸಲ ಕಾಗದದ ಮೇಲೆ ಬಿಡಿಸಿ ನೋಡಿದೆ, ಮೂರೂ ಸಲ ಕೋಳಿಯ ಬಾಲವೇ ಬಂತು. ತೊಡೆ ಊದಿದೆ, ಜ್ವರವಿಲ್ಲ, ಮುಲಾಮು ಹಚ್ಚುತ್ತಿದ್ದೇನೆ.

ಅಮ್ಮನಿಗೆ ಹೇಳಬೇಡ ಎನ್ನೋಣವೆಂದರೆ, ನಿನಗೆ ಬಂದ ಕಾರ್ಡನ್ನು ಮೊದಲು ಓದುವವಳೇ ಅವಳು. ಅಮ್ಮಾ, ಬೈದು ಮುಗಿದ ಮೇಲೆ ಆ ಬಾಲವನ್ನೊಂದು ಬಿಡಿಸಿ ಕಳಿಸು.

ಜಾಗ ಸಾಲದು.
ನಿಮ್ಮ ಚಿಕ್ಕವಳು